ಲಿಫ್ಟಿನ ಪಕ್ಕದ ತೂಕದ ಯಂತ್ರ

ನಾನು, ವಯಸ್ಸು 41, ಆಸ್ಪತ್ರೆಯ ಕಿಮೋ ವಾರ್ಡಿನ ಹಿರಿಯ ನರ್ಸ್, ವಾಸ ಆಸ್ಪತ್ರೆಯ ಹಿಂಬದಿಯ ಸಿಬ್ಬಂದಿ ವಸತಿಯ ಎರಡನೇ ಮಹಡಿ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಕಿಮೋ ಔಷಧಿಯ ಪ್ರಮಾಣವನ್ನು ರೋಗಿಯ ಆ ದಿನದ ತೂಕ ನೋಡಿಯೇ ಲೆಕ್ಕ ಹಾಕಬೇಕು. ತೂಗಿ ಬರೆಯುವುದು ನನ್ನ ಕೆಲಸ. ತೂಕದ ಯಂತ್ರ ಲಿಫ್ಟಿನ ಪಕ್ಕದಲ್ಲಿದೆ, ವಾರ್ಡಿನ ಬಾಗಿಲಿನಿಂದ ಮೂವತ್ತನಾಲ್ಕು ಹೆಜ್ಜೆ.

ಈ ತಿಂಗಳ 3ರಂದು ಬೆಳಿಗ್ಗೆ 9.40ಕ್ಕೆ, ನಾವೆಲ್ಲ ಟೈಲರಮ್ಮ ಎಂದು ಕರೆಯುತ್ತಿದ್ದ 63 ವರ್ಷದ ರೋಗಿ ಮಗನ ತೋಳು ಹಿಡಿದು ನಾಲ್ಕನೇ ಸಲದ ಔಷಧಿಗೆ ಬಂದರು. ಕುರ್ಚಿಯಲ್ಲಿ ಕುಳಿತವರಿಗೆ ಏದುಸಿರು. ತೂಕ ನೋಡಬೇಕಲ್ಲ ಎಂದೆ. ಮತ್ತೆ ಅಷ್ಟು ದೂರ ನಡೆಸಬೇಡ ತಾಯಿ ಎಂದು ಕೇಳಿಕೊಂಡರು. ಸರಿ, ಕೂತ್ಕೊಳ್ಳಿ ಎಂದೆ. ಹಿಂದಿನ ಹಾಳೆ ನೋಡಿ 58 ಕಿಲೋ ಎಂದು ಬರೆದೆ. ಆ ಹಾಳೆಯ 58 ಕೂಡ ನಾನು ಹೀಗೆಯೇ ನೋಡಿ ಬರೆದದ್ದು. ಅವರನ್ನು ನಿಜವಾಗಿ ತೂಗಿದ್ದು ಎರಡನೇ ಸಲದ ಔಷಧಿಗೆ ಬಂದಾಗ, ಆರು ವಾರದ ಹಿಂದೆ. ಗಾಲಿಕುರ್ಚಿ ತರಿಸಬಹುದಿತ್ತು. ಅದಕ್ಕೆ ಹತ್ತು ನಿಮಿಷ ಬೇಕು, ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. ಅದರಲ್ಲಿ ಕರುಣೆ ಎಷ್ಟು, ಸೋಮಾರಿತನ ಎಷ್ಟು ಎಂದು ಈಗ ನನಗೇ ತಿಳಿಯದು.

ಸೂಜಿ ಹಾಕುವಾಗ ಅವರ ರವಿಕೆಯ ತೋಳು ಜೋತಾಡುತ್ತಿತ್ತು. ಎರಡು ಸಲ ಹಿಡಿದು ಹೊಲಿದರೂ ಸಡಿಲ, ಈ ಗಿರಾಕಿಯ ಅಳತೆ ಒಂದು ಕಡೆ ನಿಲ್ಲುತ್ತಲೇ ಇಲ್ಲ ಎಂದು ತಮಾಷೆ ಮಾಡಿದರು. ನಾನೂ ನಕ್ಕೆ.

10.15ಕ್ಕೆ ಔಷಧಿ ಬೆರೆಸುವ ಕೋಣೆಯಿಂದ ಫಾರ್ಮಸಿಸ್ಟ್ ಫೋನ್ ಮಾಡಿ, ಈ ಸಲದ್ದೂ ಸೇರಿ ಸತತ ಮೂರು ಸಲ 58 ಇದೆ, ಇವತ್ತು ತೂಗಿದ್ದು ಹೌದು ತಾನೆ ಎಂದು ಕೇಳಿದರು. ಹೌದು, ನಾನೇ ತೂಗಿದ್ದು ಎಂದೆ. 10.50ಕ್ಕೆ ಔಷಧಿ ಹರಿಯಲು ಬಿಟ್ಟೆ. 1.05ಕ್ಕೆ ಮುಗಿಯಿತು.

12ರಂದು ಮಧ್ಯಾಹ್ನ 2 ಗಂಟೆಗೆ ಅವರನ್ನು ತುರ್ತು ವಿಭಾಗಕ್ಕೆ ತಂದರು. ಜ್ವರ, ಬಾಯಿ ತುಂಬ ಹುಣ್ಣು. ಅಲ್ಲಿ ತೂಗಿದಾಗ 44 ಕಿಲೋ. 14ರಂದು ಬೆಳಿಗ್ಗೆ 6.30ಕ್ಕೆ ತೀರಿಕೊಂಡರು. ಆ ದೇಹಕ್ಕೆ ಔಷಧಿ ಹೆಚ್ಚಾಯಿತು ಎಂದು ವೈದ್ಯರು ಹೇಳಿದರು. ಮಗ ಫಾರ್ಮಸಿಸ್ಟ್ ಮೇಲೆ ದೂರು ಕೊಟ್ಟರು. 16ರಂದು ಫಾರ್ಮಸಿಸ್ಟರನ್ನು ಅಮಾನತು ಮಾಡಿದರು. ಅವರ ಅಳತೆ ತಪ್ಪಿಲ್ಲ. ನಾನು ಕೊಟ್ಟ ಅಂಕಿಗೆ ಸರಿಯಾಗಿಯೇ ಬೆರೆಸಿದ್ದರು. ಎರಡು ದಿನ ನಾನು ಬಾಯಿ ಬಿಡಲಿಲ್ಲ.

ಇಂದು ಬೆಳಿಗ್ಗೆ 11ಕ್ಕೆ ಮಗ ತಾಯಿಯ ಕಾಗದಪತ್ರ ಪಡೆಯಲು ವಾರ್ಡಿಗೆ ಬಂದಿದ್ದರು. ನನ್ನ ಕೈ ಹಿಡಿದು ಹೇಳಿದರು: “ಇಲ್ಲಿ ಎಲ್ರೂ ಅಮ್ಮನ್ನ ಅಲ್ಲಿಂದ ಇಲ್ಲಿಗೆ ನಡೆಸಿದ್ರು ಅಕ್ಕಾ. ಕೂತ್ಕೊಳ್ಳಿ ಅಂದವ್ರು ನೀವೊಬ್ರೇ.”

ಅಲ್ಲಿಂದ ನೇರ ಇಲ್ಲಿಗೆ ಬಂದೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಹಾಳೆಯ ಮೇಲಿನ 58 ನನ್ನ ಕೈಬರಹ. ಇದರ ಒಂದು ಪ್ರತಿಯನ್ನು ಆ ಮಗನಿಗೂ ಕೊಡಬೇಕೆಂದು ಕೋರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 18, ಮಧ್ಯಾಹ್ನ 12.10
(ಸಹಿ)