ಬಾರ್ಲಿ ಚಹಾದ ಜ್ಞಾನಸ್ನಾನ

ಜಿಯೊಂಜು ನಗರದ ಆಸ್ಪತ್ರೆಯಲ್ಲಿ, ಔಷಧಿಯ ಸಾಲಿನಲ್ಲಿ ನನ್ನ ಮುಂದೆ ನಮ್ಮ ಬೀದಿಯ ಬುನ್‌ರೇ ಅಜ್ಜಿ ಮತ್ತು ಅವರ ಚರ್ಚಿನ ಸಿಸ್ಟರ್ ನಿಂತಿದ್ದರು.

“ಸಿಸ್ಟರ್, ಮೊನ್ನೆ ಯಜಮಾನ್ರಿಗೆ ಉಸಿರು ನಿಲ್ಲೋ ಹಾಗಾದಾಗ ನಾನೇ ಜ್ಞಾನಸ್ನಾನ ಮಾಡಿಸಿ ಕ್ರೈಸ್ತರನ್ನಾಗಿ ಮಾಡಿಬಿಟ್ಟೆ.”

“ಸಾಯೋ ಹೊತ್ತಲ್ಲಿ ಯಾರು ಬೇಕಾದ್ರೂ ಮಾಡಿಸ್ಬಹುದು ಅಜ್ಜಿ. ಅವರು ಒಪ್ಪಿದ್ರಾ?”

“ನಲವತ್ತು ವರ್ಷ ಚರ್ಚು ಅಂದ್ರೆ ಉರಿದುಬೀಳ್ತಿದ್ದೋರು, ಅವತ್ತು ಹೂಂ ಅಂದ್ರು. ಆದ್ರೆ ಕೈಗೆ ಸಿಕ್ಕಿದ ಫ್ಲಾಸ್ಕಲ್ಲಿ ನೀರಿರ್ಲಿಲ್ಲ, ಬಾರ್ಲಿ ಚಹಾ ಇತ್ತು. ಅದನ್ನೇ ಮೂರು ಸಲ ಹಣೆಗೆ ಸುರಿದೆ.”

“ಅಯ್ಯೋ! ಬಿಸಿ ಇತ್ತಾ?”

“ಇಲ್ಲಮ್ಮ, ಆರಿತ್ತು. ಆದ್ರೆ ಅದು ನಡೆಯಲ್ಲ ಅಲ್ವಾ? ಅವ್ರು ಹೋಗಿಬಿಟ್ಟಿದ್ರೆ ನನ್ನಿಂದ್ಲೇ ಸ್ವರ್ಗ ತಪ್ಪಿಹೋಗ್ತಿತ್ತು.”

“ನೀರೇ ಆಗ್ಬೇಕು, ನಿಜ. ಹಳೇದನ್ನ ಮುಳುಗಿಸಿ ಹೊಸದಾಗಿ ಹುಟ್ಸೋದು ನೀರು. ಆದ್ರೆ ನಿಮ್ಮ ಫ್ಲಾಸ್ಕ್ ನೋಡಿ ದೇವ್ರು ಬಾಗಿಲು ಹಾಕ್ಕೊಳ್ತಿದ್ನಾ? ಈಗ ಹೇಗಿದ್ದಾರೆ?”

“ಎದ್ದು ಕೂತು, ಗಂಜಿ ಸಪ್ಪೆ ಅಂತ ಬೈತಿದ್ದಾರೆ.”

“ಹಾಗಾದ್ರೆ ಭಾನುವಾರ ಫಾದರ್ ಬಂದು ನೀರಲ್ಲೇ ಮಾಡಿಸ್ತಾರೆ, ಬಿಡಿ.”

ಅಜ್ಜಿ ಉಸ್ಸೆಂದು ಕಣ್ಣೊರೆಸಿಕೊಂಡರು. ಔಷಧಿ ಬಂತು. ಇಬ್ಬರೂ ಲಿಫ್ಟಿನ ಕಡೆ ಹೊರಟರು.

“ಅಂದಹಾಗೆ ಅಜ್ಜಿ, ಅವರಿಗೆ ಯಾವ ಸಂತರ ಹೆಸರಿಟ್ರಿ?”

“ಗಾಬರೀಲಿ ನನ್ನ ಜ್ಞಾನಸ್ನಾನದ ಹೆಸರೇ ಬಾಯಿಗೆ ಬಂತು ಸಿಸ್ಟರ್. ಅಗಾಥಾ ಅಂತ ಇಟ್ಟುಬಿಟ್ಟೆ. ಅವ್ರಿಗಿನ್ನೂ ಹೇಳಿಲ್ಲ.”