ನಾಲ್ಕನೇ ಪೆಟ್ಟಿಗೆಯ ಸದ್ದು

ನಾನು ದೆವ್ವ ಕಂಡವನಲ್ಲ. ಕಂಡಿದ್ದೇನೆ ಅನ್ನುವವರನ್ನು ಸುಲಭಕ್ಕೆ ನಂಬುವವನೂ ಅಲ್ಲ. ಇದು ನನ್ನ ಚಿಕ್ಕಮ್ಮನ ಮಗ ಎಲ್ಬಿಯೊಗೆ ಆದದ್ದು... ಇಲ್ಲೇ, ಮೊಂಟೆವಿಡಿಯೊದಲ್ಲಿ.

ಅವನು ಇಲಿಗಳ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಆ ರಾತ್ರಿ ತಡವಾಗಿ ಮನೆಗೆ ಹೊರಟಿದ್ದಾನೆ. ಹೆಗಲಿಗೆ ಚೀಲ, ಕಂಕುಳಲ್ಲಿ ಮಾಟೆ ಸೊಪ್ಪಿನ ಕಷಾಯಕ್ಕೆ ಬಿಸಿನೀರಿನ ಫ್ಲಾಸ್ಕು. ಗೇಟಿನಾಚೆ ಮುಚ್ಚಿದ ಬಾವಿ, ಅದರ ಮೇಲೆ ಬಾಗಿದ ಒಂಬೂ ಮರ. ಮರದ ಬುಡದಲ್ಲಿ ಯಾರೋ ನಿಂತಿದ್ದಾರೆ...

"ಚೀಲ ತೆಗಿ."

ಪಿಸುಮಾತು. ಅವನ ಮೇಲಧಿಕಾರಿ, ಡಾಕ್ಟರ್ ಸುಲ್ಮಾ.

"ಇಷ್ಟೊತ್ತಲ್ಲಿ ಇಲ್ಲೇನ್ ಮಾಡ್ತಿದ್ದೀರಿ ಡಾಕ್ಟ್ರೇ?"

"ಅದನ್ನ ನಾನ್ ಕೇಳ್ಬೇಕು. ಮದ್ದು ಯಾರಿಗೆ ಒಯ್ತಿದ್ದೀಯ? ನಿನ್ನ ತಮ್ಮನಿಗಾ?"

ತಮ್ಮ ವಾಲ್ಟೆರ್ ಕೊಕೇನಿನ ಚಟ ಬಿಟ್ಟು ಮನೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಎಲ್ಬಿಯೊ ಚೀಲ ಕೊಟ್ಟ.

ಅಲ್ಲಿನ ಕೆಲಸ ಹೀಗೆ. ಪೆಟ್ಟಿಗೆಯೊಳಗೆ ಒಂದು ಇಲಿ, ಒಂದು ಲೋಹದ ಪಟ್ಟಿ. ಇಲಿ ಪಟ್ಟಿ ಒತ್ತಿದರೆ ಟಕ್. ಪಂಪು ಝೀಂ ಅನ್ನುತ್ತದೆ. ಸಿರಿಂಜಿನಿಂದ ಒಂದು ಹನಿ ಕೊಕೇನ್ ಕೊಳವೆಯಲ್ಲಿ ಹರಿದು ಅದರ ರಕ್ತ ಸೇರುತ್ತದೆ. ಗಂಟೆಗಟ್ಟಲೆ, ಬೇಕಾದಷ್ಟು ಒತ್ತಿಕೊಳ್ಳಲು ಬಿಡುತ್ತಾರೆ. ಆಮೇಲೆ ಮದ್ದು ನಿಲ್ಲಿಸಿ, ಮಿದುಳಿನಲ್ಲಿ ಖುಷಿ ಕೊಡುವ ಡೋಪಮೈನ್ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಸಕ್ಕರೆ ನೀರಿಗೆ ಓಡಿಬರುತ್ತಿದ್ದ ಪ್ರಾಣಿ ಆಗ ಮೂಲೆ ಹಿಡಿದು ಕೂತುಬಿಡುತ್ತದೆ. ನಾಲ್ಕನೇ ಪೆಟ್ಟಿಗೆಯ ಇಲಿ ಹಾಗೆ ಕೂತಲ್ಲೇ ಸತ್ತಿತು.

ಸಂಜೆ ಇಲಿಗಳನ್ನು ಬೇರೆ ಕೋಣೆಯ ಗೂಡಿಗೆ ಸಾಗಿಸಿ, ಬೆಳಗಿನ ಕೆಲಸಕ್ಕೆ ಆಗಲೇ ಸಿರಿಂಜು ತುಂಬಿಡುವುದು ರೂಢಿ. ಎಲ್ಬಿಯೊ ಸಾಲಾಗಿ ತುಂಬುತ್ತಾ, ಕೈ ಅಭ್ಯಾಸಕ್ಕೆ, ಸತ್ತ ಇಲಿಯ ಪೆಟ್ಟಿಗೆಗೂ ತುಂಬಿಬಿಟ್ಟ. ಬೆಳಿಗ್ಗೆ ನೋಡಿದರೆ ಅದೊಂದೇ ಖಾಲಿ. ಸೋರಿರಬೇಕು ಅಂದರೆ ಕೆಳಗಿನ ತಟ್ಟೆ ಒಣಗಿದೆ. ಡಾಕ್ಟರ್ ಮತ್ತೆ ತುಂಬಿಸಿದರು. ಮತ್ತೆ ಖಾಲಿ.

ಕೋಣೆಯ ಕೀ ಇದ್ದದ್ದು ಇಬ್ಬರ ಹತ್ತಿರ ಮಾತ್ರ. ಅವರು ಇವನ ಮುಖ ನೋಡಿದರು. ಇವನು ಅವರದು ನೋಡಿದ. ಮನೆಗೆ ಬಂದು, ಮಲಗಿದ್ದ ತಮ್ಮನ ಜೇಬನ್ನೂ ತಡಕಿದ. ಅಂದಿನಿಂದ ರಾತ್ರಿ ತಮ್ಮನ ಕೋಣೆಗೆ ಹೊರಗಿನಿಂದ ಚಿಲಕ.

ಆ ರಾತ್ರಿ ಮರದಡಿ ತಡಕಿದ ಚೀಲದಲ್ಲಿ ಡಾಕ್ಟರಿಗೆ ಏನೂ ಸಿಗಲಿಲ್ಲ.

"ನಾಳೆ ಪೊಲೀಸರಿಗೆ ಹೇಳ್ತೀನಿ. ನಿನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೊ."

"ಹೇಳಿ. ಅದಕ್ಕೂ ಮೊದ್ಲು ನಿಮ್ಮ ಚೀಲಾನೂ ಒಂಚೂರು ತೋರ್ಸಿ."

"ಬಾಯ್ಮುಚ್ಚು. ನಡಿ ಒಳಗೆ, ಸಿರಿಂಜ್ ನೋಡೋಣ."

ಒಳಗೆ ಕೆಂಪು ದೀಪ. ಓಣಿಯಲ್ಲೇ ಕೇಳಿಸಿತು.

ಟಕ್... ಝೀಂ.

ಇಬ್ಬರೂ ನಿಂತರು.

ಟಕ್... ಝೀಂ.

"ಒಳಗ್ಯಾರು?"

"ಎರಡು ಕೀನೂ ಇಲ್ಲೇ ಇದೆಯಲ್ಲ ಡಾಕ್ಟ್ರೇ..."

ಟಕ್. ಟಕ್. ಟಕ್‌ಟಕ್‌ಟಕ್‌ಟಕ್... ನಡುನಡುವೆ ಲೋಹಕ್ಕೆ ಹಲ್ಲು ಉಜ್ಜಿದ ಹಾಗೆ, ಕರ್ರ್... ಕರ್ರ್.

ಡಾಕ್ಟರ್ ಅವನ ತೋಳು ಹಿಡಿದುಕೊಂಡರು.

"ಇವತ್ತು ನಿಂಗೆ ಹೇಳ್ದೇನೇ ನಾಲ್ಕನೇದಕ್ಕೆ ಬರೀ ಉಪ್ಪುನೀರು ತುಂಬಿಟ್ಟಿದ್ದೆ... ಒಳಗಿರೋದು ಮದ್ದಲ್ಲ ಅಂತ ಗೊತ್ತಾದ್ರೆ ಅವು ಹೀಗೇ ಹುಚ್ಚು ಹಿಡಿದ ಹಾಗೆ ಒತ್ತೋದು."

"ಯಾವು, ಡಾಕ್ಟ್ರೇ?"

ಅವರು ಬೀಗಕ್ಕೆ ಕೀ ಹಾಕಿದರು.

ಬಾಗಿಲು ತೆರೆದರು. ಸದ್ದು ನಿಂತಿತು. ನಾಲ್ಕನೇ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಸಿರಿಂಜು ಖಾಲಿ. ಉಪ್ಪುನೀರೆಲ್ಲ ಕೆಳಗಿನ ತಟ್ಟೆಯಲ್ಲಿ.

ಎಲ್ಬಿಯೊ ತಟ್ಟೆ ಒರೆಸಿದ. ಡಾಕ್ಟರ್ ತಮ್ಮ ಕೈಯಿಂದಲೇ, ಈ ಸಲ ನಿಜವಾದದ್ದನ್ನು ತುಂಬಿದರು. ಬಾಗಿಲು ಹಾಕಿ ಓಣಿಯ ನೆಲದ ಮೇಲೆ ಕೂತರು. ಮಾಟೆಯನ್ನು ಒಂದೇ ಸೋರೆಬುರುಡೆಯಿಂದ ಸರದಿ ಮೇಲೆ ಹೀರಿದರು.

ಟಕ್... ಝೀಂ.

ನಿಧಾನ. ಸಮಾಧಾನ. ಬೆಳಕು ಹರಿಯುವವರೆಗೂ ಹಾಗೇ.

ಮನೆಗೆ ಬಂದು ಎಲ್ಬಿಯೊ ಚಿಲಕ ತೆಗೆದ. ವಾಲ್ಟೆರ್ ಮಂಚದ ಮೇಲೆ ಎದ್ದು ಕೂತಿದ್ದ.

"ಇವತ್ತು ಜೇಬು ನೋಡಲ್ವೇನಣ್ಣ?"

"ಇಲ್ಲ ಕಣೋ." ಆಮೇಲೆ ಚಿಲಕವನ್ನೇ ಕಿತ್ತುಹಾಕಿದ.

ಇದನ್ನೆಲ್ಲ ಕೇಳಿ, ಪಂಪು ಕೆಟ್ಟಿರಬೇಕು ಅಂತ ನಾನು ಅಂದೆ. ಎಲ್ಬಿಯೊ ವಾದಿಸಲಿಲ್ಲ. ಅವನು ಸುಳ್ಳಾಡುವವನಲ್ಲ, ಇಷ್ಟೇ ಹೇಳಿದ... ಆ ಬೆಳಿಗ್ಗೆ ಸಿರಿಂಜು ಖಾಲಿಯಾಗಿತ್ತು. ತಟ್ಟೆಗೆ ಬೆರಳಿಟ್ಟು ನೋಡಿದ. ಒಣಗಿತ್ತು.