ಮನೆಯ ಮೇಲಿಂದ ಕಾಣುವ ನೀರು

ಬೊಂಡೊ ಊರಿನ ವ್ಯಾನ್ ನಿಲ್ದಾಣದಲ್ಲಿ ಒಣಮೀನು ಮಾರುತ್ತಿದ್ದ ಅಜ್ವಾಂಗ್‌ಳ ಪಕ್ಕದಲ್ಲೇ ತಾಯಿ ಮಗಳು ಬಂದು ನಿಂತರು. ಮಗಳ ಚೀಲದಿಂದ ಸುತ್ತಿಗೆಯ ಹಿಡಿ ಇಣುಕುತ್ತಿತ್ತು. ಹೆಂಗಸಿನ ಚೀಲದಲ್ಲಿ ಸುತ್ತಿಗೆಯನ್ನು ಅಜ್ವಾಂಗ್ ಕಂಡದ್ದು ಅದೇ ಮೊದಲು. ಅವಳು ತಲೆ ತಗ್ಗಿಸಿ, ಮೀನು ಜೋಡಿಸುತ್ತಲೇ ಕಿವಿಗೊಟ್ಟಳು.

“ನಿನ್ನೆ ಮಳೆಗೆ ನಿನ್ನ ಹಾಸಿಗೆ ಮೇಲೇ ಸೋರ್ತು ಕಣವ್ವಾ. ಒಂದು ಗಂಟೆ ಕೆಲಸ. ನಾನೇ ಹತ್ತಿ ತಗಡು ಬಡಿದು ಹೋಗ್ತಿದ್ದೆ.”

“ಹೆಣ್ಣು ಮನೆ ಮೇಲೆ ಹತ್ತಿದ್ರೆ ಯಜಮಾನನ ಜೀವಕ್ಕೇ ಕೇಡು. ನಿಮ್ಮಪ್ಪ ಇನ್ನೂ ಗಟ್ಟಿಯಾಗಿದ್ದಾನೆ, ಇರ್ಲಿ ಬಿಡು.”

“ಕಿಸುಮುದಲ್ಲಿ ಹದಿನೆಂಟು ಮನೆಗೆ ತಗಡು ಹೊದಿಸಿದ್ದೀನಿ. ಒಬ್ಬ ಯಜಮಾನನಿಗೂ ನೆಗಡಿ ಸಹ ಆಗಿಲ್ಲ.”

“ಅದು ಪೇಟೆ, ಅಲುವೋಚ್. ಅಲ್ಲಿ ನೋಡಿ ಆಡ್ಕೊಳ್ಳೋಕೆ ನಿನ್ನ ಸೋದರತ್ತೆಯರಿಲ್ಲ.”

“ಕಂಡೋರ ಮನೆಗೆಲ್ಲ ಹೊದಿಸೋ ಕೈ, ಹೆತ್ತವ್ವನ ಹಾಸಿಗೆ ನೆನೆಯೋದನ್ನ ನೋಡ್ಕೊಂಡು ಕೂರ್ಬೇಕಾ?”

ವ್ಯಾನು ಬಂತು. ಮಗಳು ಹತ್ತಿ ಕಿಟಕಿಯ ಪಕ್ಕ ಕೂತಳು. ತಾಯಿ ಕಿಟಕಿಯ ಸರಳು ಹಿಡಿದು ದನಿ ತಗ್ಗಿಸಿದಳು.

“ಅಷ್ಟೆತ್ತರ ಹತ್ತಿದ್ರೆ ಏನು ಕಾಣುತ್ತೆ ಮಗಾ?”

“ನಮ್ಮನೆ ಮೇಲಿಂದ ಸರೋವರ ಕಾಣ್ಬೇಕು ಕಣವ್ವಾ. ದೋಣಿಗಳೂ ಕಾಣ್ತವೆ.”

“ನಲವತ್ತು ವರ್ಷ ಆ ಅಂಗಳ ಗುಡಿಸಿದ್ದೀನಿ. ಸಂಜೆ ಗಾಳೀಲಿ ನೀರಿನ ವಾಸನೆ ಬರುತ್ತೆ. ನೀರು ಮಾತ್ರ ಕಂಡಿಲ್ಲ.”

ವ್ಯಾನು ಹೊರಟಿತು. ತಾಯಿ ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿದಳು.

“ಗುರುವಾರ ನಿಮ್ಮಪ್ಪ ಸಂತೆಗೆ ಹೋಗ್ತಾನೆ, ಬಾ! ಮೊದ್ಲು ನಿನಗೆ ನಾನು ಏಣಿ ಹಿಡೀತೀನಿ. ಆಮೇಲೆ ನನಗೆ ನೀನು ಹಿಡಿ!”